ಕೊರತೆ ಆಸ್ಪತ್ರೆಯದು, ಸಿಟ್ಟು ಇಲಿಯ ಮೇಲೆ

ಇಲಿಗೆ ನ್ಯಾನೊಕಣ ಚುಚ್ಚಿ ಎಂಆರ್‌ಐ ತೆಗೆಯುವುದು ದುಡ್ಡು ದಂಡ, ಅಫಜಲಪುರ ತಾಲ್ಲೂಕಿನ ಅತನೂರಿನ ರೈತನಿಗೆ ಅದರಿಂದ ಏನೂ ಸಿಗದು ಎಂಬ ವಾದ ಅಚ್ಚಾಗಿದೆ. ಅರ್ಧ ಮಾತು ನಿಜ: ಆ ತಾಲ್ಲೂಕಿನವರು ಎಂಆರ್‌ಐ ಸ್ಕ್ಯಾನಿಂಗ್‌ಗೆ ಕಲಬುರಗಿಯ ಬಸ್ಸು ಹತ್ತಬೇಕು. ಉಳಿದರ್ಧ ತಪ್ಪು.

ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಯಕೃತ್ತಿನ ರಕ್ಷಕ ಕೋಶಗಳು ನುಂಗುತ್ತವೆ. ಆಗ ಚಿತ್ರದಲ್ಲಿ ಆರೋಗ್ಯವಂತ ಭಾಗ ಕಪ್ಪಾಗುತ್ತದೆ, ಅಂಥ ಕೋಶಗಳಿಲ್ಲದ ಗೆಡ್ಡೆ ಬೆಳ್ಳಗೆ ಎದ್ದು ಕಾಣುತ್ತದೆ. ಪ್ರಾಣಿಗಳಲ್ಲಿ ಪರೀಕ್ಷೆಯಾದ ಈ ತಂತ್ರಕ್ಕೆ 1996ರಲ್ಲೇ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತ್ತು. ಇದೇ ಬಳಗದ ಫೆರುಮಾಕ್ಸಿಟಾಲ್ 2009ರಲ್ಲಿ ಮೂತ್ರಪಿಂಡ ರೋಗಿಗಳ ರಕ್ತಹೀನತೆಗೆ ಔಷಧವಾಯಿತು. ಅಪರೂಪಕ್ಕೆ ತೀವ್ರ ಅಲರ್ಜಿ ತರುತ್ತದೆಂದು 2015ರಲ್ಲಿ ಎಚ್ಚರಿಕೆಯೂ ಬಿತ್ತು. ಪರೀಕ್ಷೆ ಬೇಕೆನ್ನುವುದು ಇದಕ್ಕೇ.

ಎಂಆರ್‌ಐ ಚಿತ್ರ ಸ್ಪಷ್ಟವಾಗಲೆಂದು ಕೊಡುವ ಗ್ಯಾಡೋಲಿನಿಯಂ ಚುಚ್ಚುಮದ್ದು ಮೂತ್ರಪಿಂಡ ಕೆಟ್ಟವರಿಗೆ ಅಪಾಯವೆಂದು 2006ರಲ್ಲಿ ತಿಳಿದಮೇಲೆ ಬದಲಿ ಹುಡುಕುವುದು ಶೋಕಿಯಲ್ಲ.

ಪ್ರಾಣಿಹಿಂಸೆಯ ಮಾತೂ ಬಂದಿದೆ. ಎಂಆರ್‌ಐ ಇದ್ದರೆ ಒಂದೇ ಇಲಿಯನ್ನು ವಾರಗಟ್ಟಲೆ ಜೀವಂತವಾಗಿ ಗಮನಿಸಬಹುದು. ಇಲ್ಲದಿದ್ದರೆ ಪ್ರತಿ ಹಂತದಲ್ಲೂ ಕೆಲವನ್ನು ಕೊಯ್ಯಬೇಕು.

ಹಾಗೆ ವಾದಿಸುವವರು ತಾಲ್ಲೂಕಿಗೆ ಎಂಆರ್‌ಐ ಯಂತ್ರ ಬೇಕೆಂದು ಆರೋಗ್ಯ ಇಲಾಖೆಯನ್ನು ಕೇಳಲಿ, ಪ್ರಯೋಗಾಲಯದ ಅನುದಾನಕ್ಕೆ ಕತ್ತರಿ ಹಾಕಿ ಎನ್ನುವುದು ಬೇಡ.