ಹುಳ ನೋಡದ ಹುಳದ ಪಾಠ

ಕಳೆದ ಜುಲೈನಲ್ಲಿ ಮೊಮ್ಮಗ ಶಾಲೆಯಿಂದ ಒಂದು ವರ್ಕ್‌ಶೀಟ್ ತಂದ. ಒಂದನೇ ಕ್ಲಾಸು. ಮೇಲೆ ದಪ್ಪಕ್ಷರದಲ್ಲಿ ‘ಮಿನಿಬೀಸ್ಟ್ಸ್’. ಇಂಗ್ಲೆಂಡಿನ ಶಾಲೆಗಳಲ್ಲಿ ಓಡಾಡುವ ಮಾತಿದು. ಇರುವೆ, ಜೇಡ, ಎರೆಹುಳು, ಬಸವನಹುಳು ಎಲ್ಲ ಅದರೊಳಗೆ ಸೇರುತ್ತವೆ. ನಮ್ಮ ‘ಹುಳಹುಪ್ಪಟೆ’ಗೆ ಅಷ್ಟು ದೂರದಿಂದ ಹೆಸರು ತರಿಸಿಕೊಂಡಿದ್ದಾರೆ, ಇರಲಿ. ಇರುವೆಗೆ ಆರು ಕಾಲು, ಜೇಡಕ್ಕೆ ಎಂಟು ಎಂದು ಗೆರೆ ಎಳೆದು ಜೋಡಿಸಿ ಹತ್ತಕ್ಕೆ ಹತ್ತು ತಂದಿದ್ದ. ಶಹಭಾಸ್ ಎಂದೆ. ಆಮೇಲೆ ಕೇಳಿದ: “ತಾತ, ನಿಜವಾದ ಇರುವೆಗೂ ಆರೇ ಕಾಲಾ?”

ನನಗೆ ಸಿಟ್ಟು ಬಂತು, ಹುಡುಗನ ಮೇಲಲ್ಲ. ಬ್ಯಾಂಕಿನಲ್ಲಿ ಜೀವನ ಸವೆಸಿದವನು ನಾನು. ಗೋದಾಮಿಗೆ ಕಾಲಿಡದೆ, ಚೀಲ ಎಣಿಸದೆ, ಸಾಲಗಾರ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿಗೆ ಸಹಿ ಹಾಕುವ ಅಧಿಕಾರಿಯನ್ನು ನಾವು ಏನೆನ್ನುತ್ತಿದ್ದೆವೋ ಅದನ್ನು ಇಲ್ಲಿ ಬರೆಯುವಂತಿಲ್ಲ. ಈ ಹತ್ತಕ್ಕೆ ಹತ್ತು ಅಂಥದೇ ಸಹಿ.

ಮರುವಾರ ಮಳೆ ಬಂತು. ಇಲ್ಲಿ ಹೌಜ್ ಖಾಸ್‌ನ ಡಿಯರ್ ಪಾರ್ಕಿನಲ್ಲಿ ಸಿಕ್ಕ ಬಸವನಹುಳುವನ್ನು ಹುಡುಗ ಟಿಫಿನ್ ಡಬ್ಬಿಯಲ್ಲಿಟ್ಟು ಶಾಲೆಗೆ ಒಯ್ದ. ಪಾಠ ಅದರದ್ದೇ ತಾನೆ! ಆಯಾ ಅದನ್ನು ಕಸದ ಬುಟ್ಟಿಗೆ ಸುರಿದಳಂತೆ. ಡೈರಿಯಲ್ಲಿ ಕೆಂಪು ಶಾಯಿ: ಸ್ವಚ್ಛತೆ ಕಾಪಾಡಿ. ಟಿಫಿನ್ ಡಬ್ಬಿ ತಪ್ಪೇ, ಒಪ್ಪುತ್ತೇನೆ. ಆದರೆ ಈಗಿನ ಮನೆಗಳಲ್ಲಿ ಬೆಂಕಿಪೊಟ್ಟಣ ಎಲ್ಲಿದೆ?

ಹಿರಿಯೂರು ಕಡೆಯ ನಮ್ಮ ಬಾಲ್ಯದಲ್ಲಿ ಬೆಂಕಿಪೊಟ್ಟಣವೇ ಪ್ರಯೋಗಶಾಲೆ. ಜಾಲಿಗಿಡದಿಂದ ಫಳಫಳ ಹೊಳೆಯುವ ಜೀರ್ಜಿಂಬೆ ಹಿಡಿದು, ಜಾಲಿ ಎಲೆ ಹಾಕಿ ಸಾಕುತ್ತಿದ್ದೆವು. ಮೊಟ್ಟೆಯಿಟ್ಟರೆ ಇಡೀ ತರಗತಿಗೆ ಹಬ್ಬ. ದಾರ ಕಟ್ಟಿ ಹಾರಿಸಿದ್ದೂ ಉಂಟು. ಅದು ಕ್ರೌರ್ಯ, ಸಮರ್ಥಿಸುವುದಿಲ್ಲ. ಆದರೆ ಅದು ಯಾವ ಎಲೆ ತಿನ್ನುತ್ತೆ, ಹೇಗಿಟ್ಟರೆ ಸಾಯುತ್ತೆ ಅನ್ನೋದು ಯಾವ ಮೇಷ್ಟ್ರೂ ಹೇಳದೆ ಗೊತ್ತಾಗಿತ್ತು.

ಪೇರೆಂಟ್ಸ್ ಮೀಟಿಂಗಿಗೆ ಮಗನ ಬದಲು ನಾನೇ ಹೋದೆ. “ಅಂಕಲ್‌ಜೀ, ಡೆಂಗಿ ಕಾಲ. ಮಕ್ಕಳನ್ನು ಹುಳುಗಳ ಹತ್ತಿರ ಬಿಡೋಕಾಗುತ್ತಾ?” ಎಂದರು ಟೀಚರು.

ಭಯ ಸುಳ್ಳಲ್ಲ. 1996ರಲ್ಲಿ ದೆಹಲಿಯಲ್ಲಿ 10,000ಕ್ಕೂ ಹೆಚ್ಚು ಮಂದಿಗೆ ಡೆಂಗಿ ಬಂದು 400ಕ್ಕೂ ಹೆಚ್ಚು ಜನ ಸತ್ತರು. ಹಾಗಾದರೆ ಮೊದಲ ಪಾಠ ಸೊಳ್ಳೆಯದೇ ಆಗಬೇಕಿತ್ತಲ್ಲ! ಇಲ್ಲಿ ಬಾಲ್ಕನಿ ಬಾಲ್ಕನಿಗೂ ಕೂಲರ್. ಅದರ ನೀರಲ್ಲಿ ತಲೆಕೆಳಗಾಗಿ ನೇತಾಡುವ ಮರಿಹುಳಗಳನ್ನು ಗಾಜಿನ ಬಾಟಲಿಗೆ ತುಂಬಿ, ಬಾಯಿಗೆ ಬಟ್ಟೆ ಬಿಗಿದು ಮೇಜಿನ ಮೇಲಿಡಿ. ನಾಲ್ಕು ದಿನ ಮಕ್ಕಳು ನೋಡಲಿ. ರೆಕ್ಕೆ ಬರುವ ಮೊದಲೇ ಒಣನೆಲಕ್ಕೆ ಸುರಿಯಿರಿ. 2019ರಲ್ಲಿ ದೆಹಲಿ ಸರ್ಕಾರ ಹತ್ತು ವಾರ, ಭಾನುವಾರ ಹತ್ತು ಗಂಟೆಗೆ ಹತ್ತು ನಿಮಿಷ ಮನೆಯ ನಿಂತ ನೀರು ಚೆಲ್ಲಿ ಎಂದು ಅಭಿಯಾನ ನಡೆಸಿತು. ವಾರಕ್ಕೊಮ್ಮೆ ಏಕೆ? ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಬೇಕು, ಅದಕ್ಕೆ. ಚೆಲ್ಲಿದರೆ ಸಾಲದು, ಉಜ್ಜಬೇಕು. ಗೋಡೆಗಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ. ಬಾಟಲಿ ನೋಡಿದ ಮಗು ಕೂಲರ್ ಉಜ್ಜದ ಅಪ್ಪನನ್ನು ಬಿಟ್ಟೀತೇ?

ತಮಾಷೆ ನೋಡಿ. ಎನ್‌ಸಿಇಆರ್‌ಟಿ ಕಚೇರಿ ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ, ಅರಬಿಂದೋ ಮಾರ್ಗದಲ್ಲಿ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ಪಠ್ಯಕ್ರಮ ಚೌಕಟ್ಟಿನಲ್ಲಿ ಬರೆದವರು ಅವರೇ. ಆ ಮಾತು ರಸ್ತೆ ದಾಟಿ ನಮ್ಮ ಶಾಲೆಯ ಗೇಟು ಮುಟ್ಟಲು ಇಷ್ಟು ವರ್ಷ ಸಾಲಲಿಲ್ಲ.

ಊರಿನಲ್ಲಿರುವವರು ‘ಅಯ್ಯೋ ದೆಹಲಿ’ ಎಂದು ನಗಬೇಡಿ. ಹೋದ ಸಲ ಬೆಂಗಳೂರಿಗೆ ಬಂದಾಗ ತಂಗಿಯ ಮೊಮ್ಮಗಳ ಪುಸ್ತಕದಲ್ಲೂ ಅದೇ ಗುಲಗಂಜಿಯಂಥ ಲೇಡಿಬರ್ಡ್, ಶಾಲೆಯ ಅಂಗಳಕ್ಕೆಲ್ಲ ಸಿಮೆಂಟು. ತೇಜಸ್ವಿಯವರ ‘ಪರಿಸರದ ಕತೆ’ ಹುಟ್ಟಿದ ನಾಡು ನಿಮ್ಮದು! ನಾನು ಕೇಳುತ್ತಿರುವುದು ದೊಡ್ಡದೇನಲ್ಲ: ಔಷಧಿ ಹೊಡೆಯದ ನಾಲ್ಕಡಿ ಮಣ್ಣು, ವಾರಕ್ಕೆ ಅರ್ಧ ಗಂಟೆ, ಆಮೇಲೆ ಕೈ ತೊಳೆಯಲು ಸೋಪು.

ಸಹಿ ತಾಳೆ ನೋಡಲು ಇಟ್ಟುಕೊಂಡಿದ್ದ ನನ್ನ ಹಳೆಯ ಭೂತಗನ್ನಡಿಯನ್ನು ಮೊಮ್ಮಗನಿಗೆ ಕೊಟ್ಟೆ. ಬಾಲ್ಕನಿಯಲ್ಲಿ ಸಕ್ಕರೆ ಚೆಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಕೂಗಿದ: “ಆರು ಸರಿ ತಾತ. ಆದರೆ ಮುಂದೆ ಇನ್ನೆರಡು ಇವೆಯಲ್ಲ?” ಅವು ಮೀಸೆ ಕಣೋ ಎಂದೆ. ನಂಬಲಿಲ್ಲ. ಮತ್ತೆ ಬಗ್ಗಿದ.