ಊದ್‌ಗೆ ಚಪ್ಪಾಳೆ, ಅರಬಿ ಅಕ್ಷರಕ್ಕೆ ಅನುಮಾನ

ಚಾಮರಾಜನಗರಕ್ಕೆ ಸಮೀಪದ ಹರದನಹಳ್ಳಿ ತೋಂಟದ ಸಿದ್ಧಲಿಂಗ ಯತಿಗಳ ಹುಟ್ಟೂರೆಂದು ಹೆಸರಾದದ್ದು. ಈ ಸೀಮೆಯಲ್ಲಿ ನೀಲಗಾರರು ತಂಬೂರಿ ಮೀಟುತ್ತಾ ಇರುಳಿಡೀ ಮಂಟೇಸ್ವಾಮಿಯ ಕಥೆ ಹಾಡುತ್ತಾರೆ. ಆ ತಂಬೂರಿಯನ್ನು ಯಾರೂ ಪರದೇಶದ್ದು ಎನ್ನುವುದಿಲ್ಲ. ಆದರೆ ಹತ್ತನೆಯ ಶತಮಾನದ ತತ್ವಜ್ಞಾನಿ ಅಲ್ ಫಾರಾಬಿ, ಸಂಗೀತವನ್ನು ಕುರಿತ ತನ್ನ ಅರಬಿ ಮಹಾಗ್ರಂಥದಲ್ಲಿ ಬಗ್ದಾದಿನ ತುನ್‌ಬೂರ್ ಮತ್ತು ಖುರಾಸಾನಿನ ತುನ್‌ಬೂರ್ ಎಂಬ ಎರಡು ತಂತಿವಾದ್ಯಗಳನ್ನು ವಿವರಿಸಿದ್ದಾನೆ. ನಮ್ಮ ತಂಬೂರಿಗೆ ಹೆಸರು ಅಲ್ಲಿಂದ ಬಂತೆನ್ನುವವರಿದ್ದಾರೆ. ಗಂಧರ್ವನಾದ ತುಂಬುರುವಿನಿಂದ ಬಂತೆನ್ನುವವರೂ ಇದ್ದಾರೆ. ಹಾಡುವ ನೀಲಗಾರನಿಗೆ ಈ ವ್ಯಾಜ್ಯ ಬೇಕಿಲ್ಲ. ಎರಡು ತವರುಗಳಿದ್ದರೆ ಅದು ಅವನ ತಂಬೂರಿಯ ಭಾಗ್ಯ.

ನಗರಗಳ ಸಭಾಂಗಣಗಳಲ್ಲಿ ಈಗ ಇದೇ ಸಂಗತಿಗೆ ಬೇರೊಂದು ಹೆಸರು: ವಿಶ್ವ ಸಂಗೀತ. ಅರಬರ ಊದ್, ನಮ್ಮ ತಬಲಾ, ಪಶ್ಚಿಮದ ಜಾಝ್ ಒಂದೇ ವೇದಿಕೆಗೆ ಬರುತ್ತವೆ. ಈ ಪ್ರಯೋಗ ಹೀನವೆಂದು ಹೇಳುವುದು ನನ್ನ ಉದ್ದೇಶವಲ್ಲ. 1996ರಲ್ಲಿ ಪಂಡಿತ್ ವಿಶ್ವಮೋಹನ ಭಟ್ಟರ ಮೋಹನ ವೀಣೆ ಮತ್ತು ಸೈಮನ್ ಶಾಹೀನರ ಊದ್ ಜೊತೆಗೂಡಿದ 'ಸಲ್ತನಾ' ಬಂತು. 2009ರಲ್ಲಿ ಉಸ್ತಾದ್ ಅಮ್ಜದ್ ಅಲಿ ಖಾನರ ಸರೋದ್, ಇರಾಕಿನ ರಹೀಂ ಅಲ್‌ಹಾಜರ ಊದ್ ಜೊತೆ ಸಂವಾದ ನಡೆಸಿತು. ಇವು ಗಂಭೀರ ಸಾಧಕರ ಕೆಲಸಗಳು. ಆಕ್ಷೇಪವಿರುವುದು ಇಂತಹ ಕಛೇರಿಗಳ ಮೊದಲಿಗೆ ನಿರೂಪಕರು ತಪ್ಪದೆ ಹೇಳುವ ಒಂದು ಮಾತಿನ ಬಗ್ಗೆ: "ಸಂಗೀತಕ್ಕೆ ಗಡಿಯಿಲ್ಲ."

ಸಂಗೀತಕ್ಕೆ ಗಡಿಯಿಲ್ಲದಿರಬಹುದು. ಸಂಗೀತಗಾರನಿಗೆ ಇದೆಯಲ್ಲ! ಶಾಹೀನ್ ಹುಟ್ಟಿದ್ದು ಗಲಿಲಿಯ ತರ್ಶೀಹಾದಲ್ಲಿ, ಫೆಲೆಸ್ತೀನಿ ಕುಟುಂಬದಲ್ಲಿ. ಅವರು ಹುಟ್ಟುವುದಕ್ಕೆ ಏಳು ವರ್ಷ ಮೊದಲು, 1948ರಲ್ಲಿ, ಆ ಜನತೆಯ ಲಕ್ಷಾಂತರ ಮಂದಿ ನಿರಾಶ್ರಿತರಾಗಿದ್ದರು. ಅಲ್‌ಹಾಜ್ ಸದ್ದಾಮನ ಸೆರೆಮನೆಯ ಹಿಂಸೆಯುಂಡು 1991ರಲ್ಲಿ ದೇಶ ತೊರೆದವರು. ಕೊನೆಗೆ ನೆಲೆ ನೀಡಿದ ಅಮೆರಿಕವೇ 2003ರಲ್ಲಿ ಅವರು ಹುಟ್ಟಿದ ಬಗ್ದಾದಿನ ಮೇಲೆ ಬಾಂಬು ಸುರಿಯಿತು. ಆ ವಾದ್ಯದಲ್ಲಿ ಕೇಳುವುದು ಬರಿಯ ಮಾಧುರ್ಯವಲ್ಲ, ಒಂದು ಜನತೆಯ ನೋವು. ನೋವನ್ನು ಸೋಸಿ ನಾದವನ್ನಷ್ಟೇ ಉಳಿಸಿಕೊಳ್ಳುವುದಾದರೆ ಅದು ಬೆಸುಗೆಯಲ್ಲ, ಬರಿಯ ಅಲಂಕಾರ.

ದೂರದ ಮಾತು ಬಿಡೋಣ. 2022ರಲ್ಲಿ ನಮ್ಮ ರಾಜ್ಯದಲ್ಲಿ ಏನಾಯಿತು? ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದೆಂಬ ಫಲಕಗಳು ಎದ್ದವು. ಆಝಾನ್ ವಿರುದ್ಧ ಅಭಿಯಾನ ನಡೆಯಿತು. ತಲೆವಸ್ತ್ರದ ಕಾರಣಕ್ಕೆ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತರು. ಫಲಕ ನೆಟ್ಟ ಕೈಯೂ ಊದ್‌ಗೆ ಚಪ್ಪಾಳೆ ತಟ್ಟಿದ ಕೈಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಗಡಿಯಿಲ್ಲದ ಸಂಗೀತಕ್ಕೆ ತಲೆದೂಗಿದವರಲ್ಲಿ ಎಷ್ಟು ಮಂದಿ ಅಂದು ಬಾಯಿ ತೆರೆದರು? ವೇದಿಕೆಯ ಮೇಲಿನ ಅರಬಿ ರಾಗ ಸೊಗಸು, ಮದ್ರಸದ ಗೋಡೆಯ ಮೇಲಿನ ಅರಬಿ ಅಕ್ಷರ ಅನುಮಾನಾಸ್ಪದ! ಇದೆಂತಹ ರಸಿಕತೆ?

ಅರಬಿ ಮತ್ತು ಪಾರಸಿ ಈ ನೆಲಕ್ಕೆ ಹೊರಗಿನವು ಎನ್ನುವವರು ಪುಂಡರೀಕ ವಿಠ್ಠಲನ ಹೆಸರು ಕೇಳಿರಲಾರರು. ಈತ ಶಿವಗಂಗೆಯ ಸಮೀಪದ ಸಾತನೂರಿನ ಕನ್ನಡಿಗ, ಬ್ರಾಹ್ಮಣ, ಹದಿನಾರನೆಯ ಶತಮಾನದ ಸಂಗೀತಶಾಸ್ತ್ರಜ್ಞ. ಖಾನ್‌ದೇಶದ ಫಾರೂಕಿ ಅರಸ ಬುರ್ಹಾನ್ ಖಾನನ ಆಶ್ರಯದಲ್ಲಿ 'ಸದ್ರಾಗಚಂದ್ರೋದಯ' ಬರೆದ. ಮುಂದೆ 'ರಾಗಮಂಜರಿ'ಯಲ್ಲಿ ಪಾರಸೀಕ ರಾಗಗಳನ್ನು ಇಲ್ಲಿನ ರಾಗಗಳೊಡನೆ ಜೋಡಿಸಿ ಪಟ್ಟಿಮಾಡಿದ. ಅವನು ಅದನ್ನು ಸಾಮರಸ್ಯವೆಂದು ಸಾರಲಿಲ್ಲ. ವಿದ್ವಾಂಸನಾಗಿ ಕಿವಿಗೆ ಬಿದ್ದದ್ದನ್ನು ಪ್ರಾಮಾಣಿಕವಾಗಿ ಬರೆದಿಟ್ಟ, ಅಷ್ಟೆ. ಸಂಗೀತ ಕಲಿಯುವ ಕನ್ನಡದ ಮಗು ಸರಳೆ ವರಸೆಯನ್ನು ಮೊದಲು ಹಾಡುವುದು ಮಾಯಾಮಾಳವಗೌಳದಲ್ಲಿ. ಅರಬರ 'ಹಿಜಾಝ್ ಕಾರ್' ಮಖಾಮಿನ ಸ್ವರಗಳ ಅಂತರವೂ ಹೆಚ್ಚುಕಡಿಮೆ ಅದೇ. ಯಾರು ಯಾರಿಂದ ಪಡೆದರು ಎಂಬ ಲೆಕ್ಕ ಇಲ್ಲಿ ಮುಖ್ಯವಲ್ಲ. ಕಿವಿ ಬೇಲಿ ಹಾಕುವುದಿಲ್ಲ, ಬೇಲಿ ಹಾಕುವುದು ಮನಸ್ಸು.

ಇಷ್ಟು ಹೇಳಿ ನಮ್ಮವರ ಬಗ್ಗೆ ಮೌನವಾದರೆ ಅದು ನ್ಯಾಯವಾಗದು. ಮದ್ರಸದಲ್ಲಿ ನಾನು ತಜ್ವೀದ್ ಕಲಿತೆ. ಉಸ್ತಾದರ ಪಾರಾಯಣಕ್ಕೆ ಕಣ್ಣು ಒದ್ದೆಯಾಗುತ್ತಿತ್ತು. ಖಾರಿಗಳು ಓದುವ ಆ ಧಾಟಿಗಳಿಗೆ ಬಯಾತಿ, ರಾಸ್ತ್, ಹಿಜಾಝ್ ಎಂಬ ಹೆಸರುಗಳಿವೆಯೆಂದು ತಿಳಿದದ್ದು ಬಿ.ಎ. ಓದುವಾಗ, ಗ್ರಂಥಾಲಯದಲ್ಲಿ. ಸಂಗೀತ ಎಂದೊಡನೆ 'ಹರಾಂ' ಎಂಬ ಒಂದೇ ಪದದಲ್ಲಿ ಬಾಗಿಲು ಮುಚ್ಚಿಬಿಡುವ ನಾವು ಈ ಚರಿತ್ರೆಯನ್ನೂ ಮಕ್ಕಳಿಂದ ಬಚ್ಚಿಟ್ಟೆವು. ವಾದ್ಯಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಮತವಿದೆ. ಬಹುಸಂಖ್ಯಾತ ಕರ್ಮಶಾಸ್ತ್ರಜ್ಞರು ನಿಷೇಧದ ಕಡೆಗಿದ್ದಾರೆ. ಇಬ್ನ್ ಹಝ್ಮ್ ಅದನ್ನು ಒಪ್ಪಲಿಲ್ಲ. ಇಮಾಂ ಗಝಾಲಿ 'ಇಹ್ಯಾ'ದಲ್ಲಿ ಆಲಿಸುವಿಕೆಯ ಶಿಷ್ಟಾಚಾರಕ್ಕೇ ಒಂದು ಭಾಗವನ್ನು ಮೀಸಲಿಟ್ಟರು. ಈದ್ ದಿನ ಹ. ಆಯಿಷಾ(ರ)ರ ಮನೆಯಲ್ಲಿ ಹಾಡುತ್ತಿದ್ದ ಇಬ್ಬರು ಬಾಲೆಯರನ್ನು ಹ. ಅಬೂಬಕರ್(ರ) ಗದರಿದಾಗ, ಅವರನ್ನು ಅವರ ಪಾಡಿಗೆ ಬಿಡುವಂತೆ ಪ್ರವಾದಿ(ಸ) ಹೇಳಿದ ಘಟನೆ ಬುಖಾರಿಯಲ್ಲಿದೆ. ನಾನು ಫತ್ವಾ ಕೊಡುತ್ತಿಲ್ಲ. ಆ ಅರ್ಹತೆ ನನಗಿಲ್ಲ. ವಾದ್ಯ ನುಡಿಸದಿರುವುದು ಒಬ್ಬನ ತಖ್ವಾ ಇರಬಹುದು. ಆದರೆ ಫಾರಾಬಿಯ ಹೆಸರನ್ನೇ ಕೇಳದಿರುವುದು ತಖ್ವಾ ಅಲ್ಲ, ಅಜ್ಞಾನ. ನಮ್ಮ ಪರಂಪರೆಯನ್ನು ನಾವೇ ಅರಿಯದಿದ್ದರೆ, ಅದನ್ನು ಬೇರೆಯವರು ಟಿಕೆಟಿಟ್ಟು ತೋರಿಸುವಾಗ ದೂರುವ ನೈತಿಕ ಹಕ್ಕಾದರೂ ಎಲ್ಲಿದೆ?

ಆದ್ದರಿಂದ ಕಛೇರಿ ನಡೆಯಲಿ, ಊದ್ ಮತ್ತು ವೀಣೆ ಕೂಡಿ ನುಡಿಯಲಿ. ಆದರೆ ನಾದಕ್ಕೆ ಸ್ಥಳ ಕೊಟ್ಟವರು ಆ ನಾದದ ಜನರಿಗೂ ಸ್ಥಳ ಕೊಡಲಿ: ಜಾತ್ರೆಯ ಬೀದಿಯಲ್ಲಿ, ಬಾಡಿಗೆ ಮನೆಯಲ್ಲಿ, ಕಾಲೇಜಿನ ಬೆಂಚಿನಲ್ಲಿ. ನಾವೂ ನಮ್ಮ ಮದ್ರಸಗಳ ಕಿಟಕಿಗಳನ್ನು ತೆರೆಯೋಣ. ಹರದನಹಳ್ಳಿಯ ಸೀಮೆಯ ನೀಲಗಾರ ತಂಬೂರಿಯ ಜಾತಕ ನೋಡಿ ಹಾಡಲು ಕೂರುವುದಿಲ್ಲ. ಟಿಕೆಟು ಕೊಂಡು ಕುಳಿತ ಸಭೆ ಅವನಿಂದ ಕಲಿಯಬೇಕಾದದ್ದು ಇಷ್ಟೇ.