ಕರಾಚಿಯ ಒಂಟೆಗಳೂ ಮೈಸೂರಿನ ಗಂಧವೂ

ಮೈಸೂರು ಸ್ಯಾಂಡಲ್ ಸೋಪಿನ ಪ್ರಚಾರಕ್ಕೆಂದು ಒಂದು ಕಾಲದಲ್ಲಿ ದೂರದ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದ್ದರು. ಟ್ರಾಮ್ ಟಿಕೆಟ್, ಬೆಂಕಿಪೊಟ್ಟಣಗಳ ಮೇಲೂ ಸೋಪಿನ ಚಿತ್ರವಿರುತ್ತಿತ್ತು. ಸ್ವದೇಶಿ ಸರಕು ಕೊಳ್ಳಿರೆಂಬ ಕೂಗು ದೇಶದ ತುಂಬ ಎದ್ದಿದ್ದ ದಿನಗಳವು. ಮೈಸೂರು ಸಂಸ್ಥಾನ ಕೂಗಿಗೆ ದನಿಗೂಡಿಸಿ ಸುಮ್ಮನಾಗಲಿಲ್ಲ, ಕೊಳ್ಳಲು ಯೋಗ್ಯವಾದ ಸರಕನ್ನೇ ಜನರ ಕೈಗಿತ್ತಿತು.

ಅದಕ್ಕೆ ಕಾರಣವಾದದ್ದು ಮೊದಲ ಮಹಾಯುದ್ಧ. ಗಂಧದ ಮರ ಅಲ್ಲಿಯವರೆಗೆ ಜರ್ಮನಿಗೆ ಹೋಗುತ್ತಿತ್ತು. ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು, ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಎಣ್ಣೆಯನ್ನು ಇಲ್ಲೇ ತೆಗೆಯಲು ನಿರ್ಧರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆಗಳು ಶುರುವಾದವು. ಆ ಎಣ್ಣೆಯ ಸೋಪು ಮಾಡುವುದನ್ನು ಕಲಿತು ಬರಲು ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿದರು.

ಶಾಸ್ತ್ರಿಯವರು ಸೋಪಿನ ರೂಪಕ್ಕೂ ಅಷ್ಟೇ ತಲೆ ಕೆಡಿಸಿಕೊಂಡರು. ಆಗಿನ ಸೋಪುಗಳು ಸಾಮಾನ್ಯವಾಗಿ ಇಟ್ಟಿಗೆಯಂತೆ ಆಯತಾಕಾರ, ಇವರದು ಅಂಡಾಕಾರ. ಒಡವೆ ಇಡುವ ಪೆಟ್ಟಿಗೆಯಂಥ ಡಬ್ಬಿ, ಅದರ ಮೇಲೆ ಆನೆಯ ತಲೆ, ಸಿಂಹದ ಮೈ ಇರುವ ಶರಭ. ಅಂಗಡಿಯವನು ಬಾಯಿ ಬಿಡುವ ಮೊದಲೇ ಆ ಡಬ್ಬಿ ಮಾತಾಡುತ್ತಿತ್ತು. ಒಳ್ಳೆಯ ಜಾಹೀರಾತು ಅಂದರೆ ಅದು.

2025ರ ಮೇ ತಿಂಗಳಲ್ಲಿ ಇದೇ ಸೋಪಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ, ಕನ್ನಡದ ನಟಿಯರಿಲ್ಲವೇ ಎಂದು ಗದ್ದಲವೆದ್ದಿತು. ಹೊರರಾಜ್ಯದ ಮಾರುಕಟ್ಟೆ ಬೇಕೆಂಬ ಸರ್ಕಾರದ ವಾದ ತಪ್ಪಲ್ಲ, ಕರಾಚಿಗೆ ಹೋದವರೂ ಹಾಗೇ ಯೋಚಿಸಿದ್ದರು. ಆದರೆ ತಾರೆಯ ಮುಖ ಒಪ್ಪಂದ ಮುಗಿದಂದು ಇನ್ನೊಂದು ಸರಕಿನ ಪಾಲಾಗುತ್ತದೆ. ಗಂಧ, ಶರಭ, ಶತಮಾನದ ಕಥೆ ಮಾತ್ರ ಬೇರೆ ಯಾರಿಗೂ ಸಿಗುವುದಿಲ್ಲ. ಜಾಹೀರಾತಿನ ಹಣ ಮೊದಲು ಸಲ್ಲಬೇಕಾದದ್ದು ಅದನ್ನು ಹೇಳುವುದಕ್ಕೆ. ಗಂಧ ಬೆಳೆಯುವ ರೈತನೂ ಆ ಕಥೆಯಲ್ಲಿ ಕಾಣಿಸಿಕೊಳ್ಳಬೇಕು. 2001ರ ಕಾಯ್ದೆ ತಿದ್ದುಪಡಿಗೆ ಮುಂಚೆ ತನ್ನ ಹೊಲದ ಗಂಧದ ಮರಕ್ಕೂ ಆತ ಒಡೆಯನಾಗಿರಲಿಲ್ಲ.

ಸರಕಿನ ಗುರುತೇ ಜಾಹೀರಾತಾಗುವುದಕ್ಕೆ ಮೈಸೂರು ರೇಷ್ಮೆಯನ್ನೇ ನೋಡಿ. 1912ರಲ್ಲಿ ಶುರುವಾದ ನೇಯ್ಗೆ ಕಾರ್ಖಾನೆಯ ಸೀರೆಗೆ ಇಂದು ಚಿನ್ನದ ಜರಿಯ ಜೊತೆಗೆ ತನ್ನದೇ ಗುರುತಿನ ಸಂಖ್ಯೆಯಿದೆ. ನಕಲಿ ಸೀರೆಗಳ ನಡುವೆ ಆ ಸಂಖ್ಯೆ ಕೊಡುವ ಭರವಸೆಯನ್ನು ಯಾವ ತಾರೆಯೂ ಕೊಡಲಾರರು.

ಇಂಥ ಕಥೆಗಳನ್ನು ಹೇಳಲು ಜಾಗವೂ ಇದೆ. ದಸರಾ ವಸ್ತುಪ್ರದರ್ಶನಕ್ಕೆ ಲಕ್ಷಾಂತರ ಜನ ಬರುತ್ತಾರೆ. ನಾಡಿನ ಸರಕನ್ನು ನಾಡಿಗೆ ಪರಿಚಯಿಸಲು ಇದಕ್ಕಿಂತ ದೊಡ್ಡ ಅಂಗಳ ಮೈಸೂರಿನಲ್ಲಿಲ್ಲ. ಸೋಪು, ರೇಷ್ಮೆ, ಅಗರಬತ್ತಿ, ಚುನಾವಣೆಯ ಶಾಯಿ ತಯಾರಿಸುವ ಮೈಸೂರು ಪೇಂಟ್ಸ್, ಎಲ್ಲಕ್ಕೂ ಅಲ್ಲಿ ಒಂದೇ ಸೂರು ಕೊಡಲಿ. ಹಳೆಯ ಡಬ್ಬಿ, ಹಳೆಯ ಜಾಹೀರಾತುಗಳನ್ನು ಹುಡುಕಿ ತಂದು ತೋರಿಸಲಿ. ಸರ್ಕಾರಿ ಮಳಿಗೆಗಳು ಉದ್ಘಾಟನೆಯ ದಿನವೇ ಬಾಗಿಲು ತೆರೆದಿರುವಂತೆ ಜಿಲ್ಲಾಡಳಿತ ಈ ಬಾರಿ ನೋಡಿಕೊಳ್ಳಲಿ.